ರೆಜೀನ್: ರಾತ್ರಿಯನ್ನು ದುಡಿದು ಕಟ್ಟಿದವಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಮದುವೆ, ಸಮಾರಂಭಗಳಿಗೆ ಸೌಂಡು ಮತ್ತು ಲೈಟಿಂಗ್ ಹಾಕುವವನು. ನಮ್ಮ ಕಸುಬು ಎಲ್ಲಿಂದ ಬಂತು ಅಂತ ಓದುತ್ತಾ ಹೋದಾಗ ಪ್ಯಾರಿಸ್ಸಿನಲ್ಲಿ ನೈಟ್‌ಕ್ಲಬ್ ನಡೆಸುತ್ತಿದ್ದ ರೆಜೀನ್ ಸಿಕ್ಕಳು. ಆಮೇಲೆ ಆಕೆಯ ಕಥೆ ಹೇಳದೆ ಬಿಟ್ಟ ಮನುಷ್ಯನೇ ಇಲ್ಲ ಅನ್ನಬಹುದು. ಪಂಡಿತ್ ರಂಗಮಂದಿರದ ಹೊರಗೆ ಗಾಡಿಗೆ ಸಾಮಾನು ಏರಿಸುವಾಗ, ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ, ಫೋನಿನಲ್ಲಿ, ಕಾಗದದಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ. ಆಕೆಯ ಹೆಸರೇ ಕೇಳದವರು ಮೊದಲಿನಿಂದ ಓದಿ, ಗೊತ್ತಿದ್ದವರು ಬೇಕಾದ ಕಡೆಗೆ ಹೋಗಿ.

## ಮೊದಲ ಪರಿಚಯ

ಈಕಿ ರೆಜೀನ್ ಅಂದ್ರ ಯಾರ್ರೀ? ಸಿನಿಮಾ ನಟಿನಾ?

ಸಿನಿಮಾದಲ್ಲೂ ಸಣ್ಣ ಪುಟ್ಟ ಪಾತ್ರ ಮಾಡಿದ್ದಾಳೆ, ಆದರೆ ಆಕೆಯ ಹೆಸರು ನಿಂತದ್ದು ನೈಟ್‌ಕ್ಲಬ್‌ಗಳ ಮೇಲೆ. ಪೂರ್ತಿ ಹೆಸರು ರೆಜೀನ್ ಝಿಲ್ಬರ್‌ಬರ್ಗ್. ಹುಟ್ಟಿದ್ದು 1929ರ ಡಿಸೆಂಬರ್ 26, ತೀರಿಕೊಂಡದ್ದು 2022ರ ಮೇ 1. ಪ್ಯಾರಿಸ್ಸಿನಲ್ಲಿ ಒಂದು ಸಣ್ಣ ಕ್ಲಬ್ಬಿನಿಂದ ಶುರು ಮಾಡಿ ಒಂದು ಕಾಲಕ್ಕೆ ನ್ಯೂಯಾರ್ಕ್, ಲಂಡನ್, ಮಾಂಟೆ ಕಾರ್ಲೊ, ರಿಯೋ, ಕೈರೋ, ಕೌಲಾಲಂಪುರ ಅಂತ ಇಪ್ಪತ್ತಕ್ಕೂ ಜಾಸ್ತಿ ಕ್ಲಬ್ ನಡೆಸಿದಳು. ಪತ್ರಿಕೆಗಳು ಆಕೆಯನ್ನು ರಾತ್ರಿಯ ರಾಣಿ ಅಂತ ಕರೆದವು. ಜೊತೆಗೆ ಹಾಡುಗಾರ್ತಿ. ಕೆಂಪು ಕೂದಲು, ಕೊರಳಿಗೆ ಸುತ್ತಿಕೊಂಡ ಗರಿಗಳ ಉದ್ದನೆ ಶಾಲು, ಯಾರನ್ನಾದರೂ ಕೈ ಹಿಡಿದು ಕುಣಿಯೋಕೆ ಎಳೆದೊಯ್ಯುವ ಧೈರ್ಯ. ಒಂದು ಸಲ ನೋಡಿದವರು ಮರೆಯುವ ಹಾಗಿರಲಿಲ್ಲ.

ದೊಡ್ಡ ಮನಿತನದಾಕಿ ಇರಬೇಕಲ್ವಾ? ಇಲ್ಲಾಂದ್ರ ಅಂಥ ಮಂದಿ ಜೊತಿ ಹ್ಯಾಂಗ ಕೂಡ್ತಾಳ?

ಇಲ್ಲ. ತಂದೆ ತಾಯಿ ಪೋಲೆಂಡಿನಿಂದ ಬಂದ ಬಡ ಯಹೂದಿಗಳು. ಆಕೆ ಹುಟ್ಟಿದ್ದು ಬೆಲ್ಜಿಯಂನ ಬ್ರಸೆಲ್ಸ್ ಪಕ್ಕದ ಆಂಡರ್‌ಲೆಕ್ಟ್‌ನಲ್ಲಿ. ಅಪ್ಪನದು ಬ್ರೆಡ್ಡಿನ ಬೇಕರಿ ಇತ್ತು, ಅದನ್ನು ಇಸ್ಪೀಟಿನಲ್ಲಿ ಕಳೆದುಕೊಂಡ. ಮಗಳು ಇನ್ನೂ ಚಿಕ್ಕವಳಿದ್ದಾಗಲೇ ತಾಯಿ ಮನೆ ಬಿಟ್ಟು ಅರ್ಜೆಂಟೀನಾಕ್ಕೆ ಹೋದಳು. ಮುಂದೆ ಅಪ್ಪ ಪ್ಯಾರಿಸ್ಸಿನ ಬೆಲ್‌ವಿಲ್‌ನಲ್ಲಿ ಒಂದು ಕೆಫೆ ಇಟ್ಟ. ಬೆಲ್‌ವಿಲ್ ಅಂದರೆ ಆಗ ಕೂಲಿಗಳು, ಕುಶಲಕರ್ಮಿಗಳು, ಬೇರೆ ದೇಶದಿಂದ ಬಂದ ಬಡವರು ಇರುವ ಪೇಟೆ. ಗಿರಾಕಿಗೆ ಏನು ಬೇಕು ಅನ್ನೋದನ್ನು ಮುಖ ನೋಡಿ ತಿಳಿಯುವ ವಿದ್ಯೆ ಆಕೆಗೆ ಆ ಕೆಫೆಯಲ್ಲೇ ಬಂತು ಅಂತ ನನ್ನ ಲೆಕ್ಕ. ಹೋಟೆಲಿನ ಗಲ್ಲೆ ಪಕ್ಕ ಬೆಳೆದ ಮಕ್ಕಳನ್ನು ನಮ್ಮ ಗಂಜ್ ಕಡೆಯೂ ನೋಡಿದ್ದೇನೆ, ಹತ್ತು ವರ್ಷಕ್ಕೇ ಗಿರಾಕಿ ಯಾವ ಮೂಡಿನಲ್ಲಿದ್ದಾನೆ ಅಂತ ಹೇಳಿಬಿಡುತ್ತಾರೆ.

ಯುದ್ಧದಾಗ ಅಡಗಿ ಕುಂತಿದ್ಲಂತ. ಖರೇನಾ?

ನಿಜ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಫ್ರಾನ್ಸ್ ಹಿಡಿದಾಗ ಯಹೂದಿ ಮಕ್ಕಳನ್ನು ಕಾನ್ವೆಂಟುಗಳಲ್ಲಿ, ಪರಿಚಯದವರ ಮನೆಗಳಲ್ಲಿ ಬಚ್ಚಿಟ್ಟು ಬದುಕಿಸಿದರು. ರೆಜೀನ್ ಆ ಮಕ್ಕಳಲ್ಲಿ ಒಬ್ಬಳು. 1940ರಲ್ಲಿ ಆಕೆಗೆ ಹತ್ತು ವರ್ಷ, ಬಿಡುಗಡೆ ಆಗುವ ಹೊತ್ತಿಗೆ ಹದಿನಾಲ್ಕು. ಆ ನಾಲ್ಕು ವರ್ಷ ಸದ್ದು ಮಾಡಬಾರದು, ಕಣ್ಣಿಗೆ ಬೀಳಬಾರದು, ಯಾರು ಅಂತ ಗೊತ್ತಾಗಬಾರದು.

ಇದನ್ನು ತಿಳಿದ ಮೇಲೆ ಆಕೆಯ ಮೆರೆತ ನನಗೆ ಬೇರೆ ಥರ ಕಾಣುತ್ತದೆ. ಹೆಸರು ಮುಚ್ಚಿಟ್ಟುಕೊಂಡು ಜೀವ ಉಳಿಸಿಕೊಂಡ ಹುಡುಗಿ ಮುಂದೆ ಅದೇ ಹೆಸರನ್ನು ಬಾಗಿಲ ಮೇಲೆ ದೀಪದಲ್ಲಿ ಬರೆಸಿದಳು. ಶೋಕಿ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ಭಾಗ ಓದಬೇಕು.

ಪ್ರಮೋಟರ್ ಅಂದ್ರ ರಾತ್ರಿ ಪೂರ್ತಿ ಮಾಡೋದರ ಏನು? ಕುಡಿಯೋದು, ಕುಣಿಯೋದು ಅಷ್ಟೇ ಅಲ್ವಾ?

ಈ ಪ್ರಶ್ನೆ ಕೇಳಿದರೆ ನನಗೆ ಸ್ವಲ್ಪ ನೋವಾಗುತ್ತದೆ, ಯಾಕೆಂದರೆ ನಮ್ಮ ಊರಲ್ಲಿ ಆರ್ಕೆಸ್ಟ್ರಾ ನಡೆಸುವವರಿಗೂ, ಇವೆಂಟಿನವರಿಗೂ ಇದೇ ಮಾತು ಬರುತ್ತದೆ.

ಪ್ರಮೋಟರ್ ಅಂದರೆ ಜನರನ್ನು ಕರೆತಂದು ಇಡೀ ರಾತ್ರಿ ನಡೆಸಿಕೊಡುವವರು. ಬಾಗಿಲು ತೆಗೆಯುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು. ಯಾರನ್ನು ಕರೆದಿದ್ದೇವೆ, ಯಾರು ಬರುತ್ತೇನೆ ಅಂದಿದ್ದಾರೆ, ಯಾರ ಪಕ್ಕ ಯಾರನ್ನು ಕೂಡಿಸಬಾರದು, ಪತ್ರಿಕೆಯವರಿಗೆ ಏನು ಹೇಳಬೇಕು, ಯಾವ ಮೇಜಿಗೆ ಲೈಟು ಕಡಿಮೆ ಇರಬೇಕು. ಬಾಗಿಲು ತೆಗೆದ ಮೇಲೆ ಕಣ್ಣು ನಾಲ್ಕೂ ಕಡೆ. ಒಂದು ಮೂಲೆ ಸಪ್ಪೆ ಆಗುತ್ತಿದೆಯಾ, ಅಲ್ಲಿಗೆ ಹೋಗಿ ಇಬ್ಬರನ್ನು ಎಬ್ಬಿಸಬೇಕು. ಒಬ್ಬ ಜಾಸ್ತಿ ಕುಡಿದಿದ್ದಾನಾ, ಮರ್ಯಾದೆ ಹೋಗದ ಹಾಗೆ ಹೊರಗೆ ಕಳಿಸಬೇಕು. ರೆಜೀನ್ ಇದನ್ನು ಬೆಳಗಿನ ಜಾವದವರೆಗೆ ಮಾಡುತ್ತಿದ್ದಳು, ಮರುದಿನ ಲೆಕ್ಕ ನೋಡುತ್ತಿದ್ದಳು, ಮತ್ತೆ ರಾತ್ರಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮದುವೆ ಮನೆಯಲ್ಲಿ ಊಟ ಮಾಡದೆ ಕೊನೆಯ ಪಂಕ್ತಿವರೆಗೂ ನಿಂತು ಬಡಿಸುವ ದೊಡ್ಡಪ್ಪನ ಕೆಲಸದ ಹಾಗೆ ಇದು.

## ಕಸುಬು ಶುರುವಾದದ್ದು

ಕ್ಲಬ್ಬಿನಾಗ ಹಾಡು ಹಾಕಲಿಕ್ಕೆ ಎರಡು ರೆಕಾರ್ಡ್ ಪ್ಲೇಯರ್ ಇಟ್ಲಂತ, ಅದು ಅಷ್ಟು ದೊಡ್ಡ ಮಾತೇನು?

ನನ್ನ ಮಟ್ಟಿಗೆ ಆಕೆಯ ಜೀವನದ ಅತಿ ದೊಡ್ಡ ಮಾತೇ ಇದು. ಅದಕ್ಕೇ ಉದ್ದ ಬರೆಯುತ್ತೇನೆ.

1953ರಲ್ಲಿ ರೆಜೀನ್ ಪ್ಯಾರಿಸ್ಸಿನ ವಿಸ್ಕಿ ಆ ಗೋಗೋ ಅನ್ನುವ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಜ್ಯೂಕ್‌ಬಾಕ್ಸ್ ಇತ್ತು. ನಾಣ್ಯ ಹಾಕಿ ಗುಂಡಿ ಒತ್ತಿದರೆ ಒಂದು ಹಾಡು ಬರುವ ಪೆಟ್ಟಿಗೆ. ಹಾಡು ಮುಗಿಯುತ್ತಿತ್ತು, ಪೆಟ್ಟಿಗೆ ಒಳಗೆ ಕೈಯಂಥ ಕಬ್ಬಿಣದ ತುಂಡು ಆ ತಟ್ಟೆ ತೆಗೆದಿಟ್ಟು ಇನ್ನೊಂದನ್ನು ತರುತ್ತಿತ್ತು. ಅಷ್ಟರೊಳಗೆ ಸದ್ದು ಪೂರ್ತಿ ನಿಂತುಹೋಗುತ್ತಿತ್ತು. ಕತ್ತಲ ಮೂಲೆಯಲ್ಲಿ ಕೂತ ಜೋಡಿಗಳು ಮುತ್ತಿಡುವ ಸದ್ದು ಸಹ ಕೇಳುತ್ತಿತ್ತು, ಅದು ಇಡೀ ವಾತಾವರಣ ಕೊಲ್ಲುತ್ತಿತ್ತು ಅಂತ ಆಕೆಯೇ ಮುಂದೆ ಹೇಳಿದ್ದಾಳೆ.

ಆಕೆ ಆ ಪೆಟ್ಟಿಗೆ ತೆಗೆಸಿದಳು. ಬದಲಿಗೆ ಎರಡು ರೆಕಾರ್ಡ್ ಪ್ಲೇಯರ್ ಇಟ್ಟಳು. ಒಂದರಲ್ಲಿ ಹಾಡು ಓಡುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ತಟ್ಟೆ ಇಟ್ಟು, ಮುಳ್ಳು ಹೊಂದಿಸಿಕೊಂಡು ಕಾಯುವುದು. ಮೊದಲನೆಯದು ಮುಗಿಯುವ ಹೊತ್ತಿಗೆ ಎರಡನೆಯದು ಶುರು. ನಡುವೆ ಖಾಲಿ ಇಲ್ಲ. ನೆಲಕ್ಕೆ ಅಡಿಗೆಮನೆಗೆ ಹಾಸುವಂಥ ಲಿನೋಲಿಯಂ ಹಾಸಿದಳು, ಬಣ್ಣದ ದೀಪ ಹಾಕಿಸಿದಳು. ಬಾರಿನಲ್ಲಿ ಸುರಿಯುವವಳೂ ಅವಳೇ, ಬಾಗಿಲು ಕಾಯುವವಳೂ ಅವಳೇ, ಕಕ್ಕಸು ನೋಡಿಕೊಳ್ಳುವವಳೂ ಅವಳೇ, ರೆಕಾರ್ಡು ಹಾಕುವವಳೂ ಅವಳೇ.

ಮೆರವಣಿಗೆಯಲ್ಲಿ ಸೌಂಡು ಹಿಡಿದವರಿಗೆ ಈ ಖಾಲಿ ಕ್ಷಣದ ಬೆಲೆ ಗೊತ್ತು. ಮದುಮಗನ ಗೆಳೆಯರು ಜೇವರ್ಗಿ ರಸ್ತೆಯಲ್ಲಿ ಮೈಮರೆತು ಕುಣಿಯುತ್ತಿರುತ್ತಾರೆ. ಹಾಡು ನಿಂತು ಮುಂದಿನದು ಬರಲು ನಾಲ್ಕು ಸೆಕೆಂಡು ತಡವಾದರೆ ಸಾಕು. ಒಬ್ಬ ಬೆವರು ಒರೆಸಿಕೊಳ್ಳುತ್ತಾನೆ, ಒಬ್ಬ ಮೊಬೈಲ್ ತೆಗೆಯುತ್ತಾನೆ, ಹಿರಿಯರು ಯಾರೋ ಸಾಕು ನಡೀರಿ ಅನ್ನುತ್ತಾರೆ. ಗುಂಪು ಮತ್ತೆ ಕೂಡೋದಿಲ್ಲ. ಈಗ ಲ್ಯಾಪ್‌ಟಾಪಿನಲ್ಲಿ ಎರಡು ಹಾಡು ಒಂದರ ಮೇಲೊಂದು ಹತ್ತಿಸುವ ನಮ್ಮ ಹುಡುಗರು ಮಾಡುವುದು ಆಕೆ ಎರಡು ತಟ್ಟೆಯಲ್ಲಿ ಮಾಡಿದ್ದನ್ನೇ.

ಸ್ವಂತ ಕ್ಲಬ್ಬಿಗೆ ರೊಕ್ಕ ಎಲ್ಲಿಂದ ಬಂತು?

ಗಿರಾಕಿಗಳಿಂದ. ವಿಸ್ಕಿ ಆ ಗೋಗೋಗೆ ಬರುತ್ತಿದ್ದ ಶ್ರೀಮಂತರಿಗೆ ಆಕೆ ಇಷ್ಟವಾಗಿದ್ದಳು. ರಾತ್ರಿ ಚೆನ್ನಾಗಿ ಆಗುತ್ತಿರುವುದು ಜಾಗದಿಂದಲ್ಲ, ಈ ಹೆಂಗಸಿನಿಂದ ಅಂತ ಅವರಿಗೆ ಗೊತ್ತಾಗಿತ್ತು. ಬ್ಯಾಂಕಿಂಗ್‌ಗೆ ಹೆಸರಾದ ರಾತ್‌ಶೀಲ್ಡ್ ಮನೆತನದವರ ಬೆಂಬಲ ಸಿಕ್ಕಿತು. ಹಾಗೆ 1950ರ ದಶಕದ ಕೊನೆಗೆ ಪ್ಯಾರಿಸ್ಸಿನ ಸೀನ್ ನದಿಯ ಎಡದಂಡೆಯಲ್ಲಿ 'ಶೇ ರೆಜೀನ್' ಬಾಗಿಲು ತೆಗೆಯಿತು. ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಇದರಲ್ಲಿ ನೋಡಬೇಕಾದ್ದು ಒಂದಿದೆ: ಆಕೆ ಸಾಲ ಕೇಳುವ ಹೊತ್ತಿಗೆ ಕೊಡುವವರು ಅದಾಗಲೇ ವರ್ಷಗಟ್ಟಲೆ ಆಕೆಯ ಕೆಲಸ ಕಣ್ಣಾರೆ ನೋಡಿದ್ದರು.

ಖಾಲಿ ಕ್ಲಬ್ಬಿಗೆ ಹೌಸ್‌ಫುಲ್ ಬೋರ್ಡ್ ಹಾಕಿದ್ಲಂತ?

ಹೌದು. ಹೊಸ ಕ್ಲಬ್ ತೆಗೆದು ಮೊದಲ ಒಂದು ತಿಂಗಳು ಬಾಗಿಲ ಮೇಲೆ ಜಾಗ ಇಲ್ಲ ಅಂತ ಬೋರ್ಡ್ ನೇತು ಹಾಕಿದಳು. ಒಳಗೆ ಜೋರಾಗಿ ಹಾಡು ಹಾಕುತ್ತಿದ್ದಳು. ಬಂದವರು ಬಾಗಿಲು ಬಡಿದು, ಹಾಡು ಕೇಳಿಸಿಕೊಂಡು ವಾಪಸ್ ಹೋಗುತ್ತಿದ್ದರು. ಊರಿಡೀ ಅದೇ ಮಾತಾಯಿತು. ತಿಂಗಳಾದ ಮೇಲೆ ಬಾಗಿಲು ತೆಗೆದಾಗ ಸಾಲು ನಿಂತಿತು.

ಇದನ್ನು ಕೇಳಿ ನಮ್ಮ ಹುಡುಗರಿಗೆ ಬಹಳ ಖುಷಿಯಾಗುತ್ತದೆ, ನಾವೂ ಮಾಡೋಣ ಅನ್ನುತ್ತಾರೆ. ಆದರೆ ಒಂದು ತಿಂಗಳು ಬಾಡಿಗೆ ಕಟ್ಟಿ, ಕರೆಂಟಿಗೆ, ಆಳುಗಳಿಗೆ ರೊಕ್ಕ ಕೊಟ್ಟು ಒಂದು ರೂಪಾಯಿ ಗಳಿಸದೆ ಕೂರುವ ತಾಕತ್ತು ಬೇಕು. ಬಾಗಿಲು ತೆಗೆದ ಮೊದಲ ರಾತ್ರಿಯೇ ಒಳಗಿನ ಹಬ್ಬ ಹೊರಗೆ ಕೇಳಿದ ಸದ್ದಿಗಿಂತ ದೊಡ್ಡದಿರಬೇಕು. ಆಕೆಯ ಹತ್ತಿರ ಎರಡೂ ಇದ್ದವು.

ಟ್ವಿಸ್ಟ್ ಡ್ಯಾನ್ಸನ್ನ ಪ್ಯಾರಿಸ್ಸಿಗೆ ತಂದಾಕಿ ಈಕಿನೇನಾ?

ಆಕೆಯ ಕ್ಲಬ್ಬಿನಿಂದ ಹಬ್ಬಿತು ಅನ್ನಬಹುದು. 1961ರಲ್ಲಿ ಅಮೆರಿಕದ ಒಂದು ಸಂಗೀತ ನಾಟಕದ ತಂಡ ಪ್ಯಾರಿಸ್ಸಿಗೆ ಬಂದಿತ್ತು. ಆಟ ಮುಗಿಸಿ ಆ ಹುಡುಗ ಹುಡುಗಿಯರು ರೆಜೀನ್ ಕ್ಲಬ್ಬಿಗೆ ಬಂದರು, ಜೊತೆಗೆ ಟ್ವಿಸ್ಟ್ ರೆಕಾರ್ಡು ತಂದಿದ್ದರು. ಅವರು ಕುಣಿದದ್ದು ನೋಡಿ ಪ್ಯಾರಿಸ್ ಮಂದಿ ಹುಚ್ಚಾದರು. ಬ್ರಿಟನ್ನಿನ ಸಿಂಹಾಸನ ಬಿಟ್ಟಿದ್ದ ಡ್ಯೂಕ್ ಆಫ್ ವಿಂಡ್ಸರ್‌ಗೂ ಆಕೆ ಟ್ವಿಸ್ಟ್ ಕಲಿಸಿದಳು.

ಅಲ್ಲಿಯವರೆಗೆ ಅಂಥ ಜಾಗಗಳಲ್ಲಿ ಗಂಡಸು ಬಂದು ಕರೆದರೆ ಹೆಂಗಸು ಕುಣಿಯಬೇಕು, ಕೈ ಹಿಡಿದು ಕುಣಿಯಬೇಕು. ಟ್ವಿಸ್ಟಿಗೆ ಯಾರ ಕೈಯೂ ಬೇಡ. ಒಬ್ಬಳೇ ಎದ್ದು ಹೋಗಿ ಕುಣಿಯಬಹುದು. ಎರಡು ಹೆಜ್ಜೆ ಗೊತ್ತಿಲ್ಲದವನೂ ಸೊಂಟ ತಿರುಗಿಸಬಹುದು. ಕ್ಲಬ್ ನಡೆಸುವವಳಿಗೆ ಇದಕ್ಕಿಂತ ಒಳ್ಳೆಯದು ಏನಿದೆ?

## ಮೆರೆತ, ಮಂದಿ, ಬಾಗಿಲು

ಅಷ್ಟೊಂದು ಗರಿ, ಜರಿ, ಬಂಗಾರ ಯಾಕ್ ಬೇಕಿತ್ತು? ಸಾದಾ ಇರಬಹುದಿತ್ತಲ್ಲ?

ಕತ್ತಲೆ ಕೋಣೆಯಲ್ಲಿ ನೂರಾರು ಮಂದಿ ಇರುವಾಗ ಯಜಮಾನಿ ಎಲ್ಲಿದ್ದಾಳೆ ಅಂತ ದೂರದಿಂದ ಕಾಣಬೇಕು. ಕೆಂಪು ಕೂದಲು ಮತ್ತು ಗರಿ ಆ ಕೆಲಸ ಮಾಡುತ್ತವೆ. ಇದು ಲೈಟಿಂಗಿನವನಾಗಿ ನನ್ನ ಉತ್ತರ.

ಇನ್ನೊಂದು ಕಾರಣವೂ ಇದೆ. ಆಕೆ ಮೆರೆದರೆ ಬಂದವರಿಗೂ ಮೆರೆಯುವ ಧೈರ್ಯ ಬರುತ್ತಿತ್ತು. ಹಳೆ ಹಾಲಿವುಡ್ ತಾರೆ ಜೀನ್ ಹಾರ್ಲೊ ಹೆಸರಲ್ಲಿ ಒಂದು ರಾತ್ರಿ ಮಾಡಿದಳು, ಎಲ್ಲರೂ ಬಿಳಿ ಬಟ್ಟೆಯಲ್ಲೇ ಬರಬೇಕು ಅಂತ. ಬಿಳಿ ಗೌನು, ಬಿಳಿ ಗರಿ ಹಾಕಿಕೊಂಡು ಬಂದರು. ಇಂಥ ರಾತ್ರಿ ಬಂದವರೇ ಅಲಂಕಾರ ಆಗುತ್ತಾರೆ. ಹೂವಿನವರಿಗೆ, ಡೆಕೊರೇಷನ್ನಿನವರಿಗೆ ಕೊಡುವ ರೊಕ್ಕ ಉಳಿಯುತ್ತದೆ, ಮರುದಿನ ಪತ್ರಿಕೆಗೆ ಫೋಟೋನೂ ಸಿಗುತ್ತದೆ. ಈಗ ನಮ್ಮಲ್ಲಿ ಹಳದಿ ಶಾಸ್ತ್ರಕ್ಕೆ ಮನೆಮಂದಿ ಎಲ್ಲ ಹಳದಿಯಲ್ಲೇ ಬರಬೇಕು ಅಂತ ಹೇಳಿ ಕಳಿಸುತ್ತಾರಲ್ವಾ, ಸ್ಟೇಜಿನಿಂದ ನೋಡಿದರೆ ಎಷ್ಟು ಚೆಂದ ಕಾಣುತ್ತದೆ ಅಂತ ನನಗೆ ಗೊತ್ತು.

ಯಾರ್ಯಾರು ಬರ್ತಿದ್ರು?

ಪಟ್ಟಿ ಉದ್ದ ಇದೆ. ಲೇಖಕಿ ಫ್ರಾಂಸ್ವಾಜ್ ಸಗಾನ್, ನಟಿ ಬ್ರಿಜಿತ್ ಬಾರ್ದೋ, ಚಿತ್ರಕಾರ ಸಾಲ್ವದೋರ್ ದಾಲಿ, ಬಟ್ಟೆ ವಿನ್ಯಾಸಕ ಈವ್ ಸೇಂಟ್ ಲಾರೆಂಟ್, ನ್ಯೂಯಾರ್ಕಿನಲ್ಲಿ ಆಂಡಿ ವಾರ್‌ಹೋಲ್. ರಾಜಮನೆತನದವರು, ಹಡಗಿನ ವ್ಯಾಪಾರಿಗಳು, ಮಂತ್ರಿಗಳು. ದೊಡ್ಡ ಹೆಸರುಗಳಿಂದ ಮಾತ್ರ ಕ್ಲಬ್ ನಡೆಯೋದಿಲ್ಲ ಅನ್ನುವುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಹೆಸರು, ರೊಕ್ಕ, ರೂಪ, ಮಾತು ಈ ನಾಲ್ಕೂ ಸೇರಿದ ಗುಂಪು ಬೇಕು. ರೊಕ್ಕ ಇದ್ದವನು ಹೆಸರು ಇದ್ದವನನ್ನು ನೋಡಲು ಬರುತ್ತಾನೆ, ಬಿಲ್ಲು ಕಟ್ಟುವವನು ಅವನೇ.

ಬಾಗಿಲಲ್ಲೇ ಮಂದಿನ ವಾಪಸ್ ಕಳಿಸೋದು ಸರಿನಾ ಅಣ್ಣಾ?

ನನಗೆ ಸರಿ ಅನ್ನಿಸಿಲ್ಲ. ಆಕೆಯನ್ನು ಎಷ್ಟೇ ಮೆಚ್ಚಿದರೂ ಇಲ್ಲಿ ನಾನು ಆಕೆಯ ಪರ ನಿಲ್ಲಲಾರೆ. ನ್ಯೂಯಾರ್ಕಿನಲ್ಲಿ ಸದಸ್ಯರಾಗಲು 600 ಡಾಲರ್ ಕೊಡಬೇಕಿತ್ತು, 1970ರ ದಶಕದಲ್ಲಿ ಅದು ದೊಡ್ಡ ಮೊತ್ತ. ಬಟ್ಟೆ ಸರಿ ಇಲ್ಲದವರಿಗೆ, ಮುಖಪರಿಚಯ ಇಲ್ಲದವರಿಗೆ ಒಳಗೆ ಬಿಡುತ್ತಿರಲಿಲ್ಲ.

ವ್ಯಾಪಾರದ ದೃಷ್ಟಿಯಿಂದ ಅದು ಕೆಲಸ ಮಾಡಿತು, ಸುಳ್ಳಲ್ಲ. ಎಲ್ಲರಿಗೂ ಸಿಗದ ಜಾಗಕ್ಕೆ ಎಲ್ಲರಿಗೂ ಆಸೆ. ಒಳಗೆ ಹೋದವರು ಪತ್ರಕರ್ತರ ಕಾಟ ಇಲ್ಲದೆ ಇರಬಹುದು ಅನ್ನುವ ನಂಬಿಕೆಯೂ ಬೇಕಿತ್ತು. ಆದರೆ ಹೊರಗೆ ನಿಂತವನ ಮುಖ ಯಾರೂ ಬರೆದಿಡಲಿಲ್ಲ. ಬೆಲ್‌ವಿಲ್‌ನ ಕೆಫೆಯಲ್ಲಿ ಬೆಳೆದ ಹುಡುಗಿಯನ್ನು ಆ ಬಾಗಿಲು ಒಳಗೆ ಬಿಡುತ್ತಿತ್ತಾ ಅಂತ ಕೇಳಿದರೆ, ಇಲ್ಲ ಅನ್ನಲೇಬೇಕು. ಮದುವೆಗೆ ಕರೆಯದೆ ಬಂದವನಿಗೂ ಊಟ ಹಾಕಿ ಕಳಿಸುವ ಊರಿನವರು ನಾವು, ನಮಗೆ ಇದು ಒಗ್ಗುವುದು ಕಷ್ಟ.

ಸ್ಟುಡಿಯೋ 54 ಈಕಿದೇನಾ?

ಅಲ್ಲ, ಬಹಳ ಮಂದಿ ಗೊಂದಲ ಮಾಡಿಕೊಳ್ಳುತ್ತಾರೆ. ರೆಜೀನ್ ತನ್ನ ನ್ಯೂಯಾರ್ಕ್ ಕ್ಲಬ್ ತೆಗೆದದ್ದು 1976ರಲ್ಲಿ, ಪಾರ್ಕ್ ಅವೆನ್ಯೂ ಮೇಲಿನ ಡೆಲ್ಮೋನಿಕೋ ಹೋಟೆಲಿನಲ್ಲಿ. ಅದೇ ನ್ಯೂಯಾರ್ಕಿನ ಇನ್ನೊಂದು ಹೆಸರಾಂತ ಕ್ಲಬ್ ಸ್ಟುಡಿಯೋ 54, ಅದನ್ನು ತೆಗೆದವರು ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್, 1977ರ ಏಪ್ರಿಲ್‌ನಲ್ಲಿ, ಹಳೆಯ ಥಿಯೇಟರ್ ಒಂದರಲ್ಲಿ. ಆಕೆಯದು ಊಟ, ಮೇಜು, ಸೂಟು ಗೌನಿನ ಜಾಗ. ಅವರದು ದೊಡ್ಡ ನೆಲ, ದೊಡ್ಡ ಗದ್ದಲ. ವಯಸ್ಸಿನ ಹುಡುಗರು ಆ ಕಡೆ ಹೋದರು.

ಹಾಡ್ತಿದ್ಲು ಅಂದ್ರಿ, ಛಲೋ ಹಾಡ್ತಿದ್ಲಾ?

ದನಿ ಒರಟು, ಆದರೆ ಮಾತು ಒಂದೊಂದೂ ಕೇಳುವ ಹಾಗೆ ಹಾಡುತ್ತಿದ್ದಳು. ಫ್ರಾನ್ಸಿನ ದೊಡ್ಡ ಗೀತಕಾರ ಸೆರ್ಜ್ ಗೇನ್ಸ್‌ಬೂರ್ 1960ರ ದಶಕದಲ್ಲಿ ಆಕೆಗಾಗಿಯೇ ಹಾಡು ಬರೆದ, ಅವು ಈಗಲೂ ಅಲ್ಲಿನವರ ಬಾಯಲ್ಲಿವೆ. ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲೂ ಹಾಡಿದಳು. 1976ರ ಒಂದು ಶೆರ್ಲಾಕ್ ಹೋಮ್ಸ್ ಸಿನಿಮಾದಲ್ಲಿ ಹಾಡುವ ಪಾತ್ರ ಸಿಕ್ಕಿತು. 2016ರಲ್ಲಿ, ಎಂಬತ್ತಾರನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಫೋಲಿ ಬೆರ್ಜೇರ್ ರಂಗಮಂದಿರದಲ್ಲಿ ಮತ್ತೆ ಮೈಕು ಹಿಡಿದಳು.

## ಕಷ್ಟದ ಪ್ರಶ್ನೆಗಳು

ಅಷ್ಟು ಕ್ಲಬ್ ಇದ್ವಲ್ಲ, ಎಲ್ಲಾ ಎಲ್ಲಿ ಹೋದ್ವು?

ಒಂದೊಂದಾಗಿ ಮುಚ್ಚಿದವು. ಒಂದೇ ಕಾರಣ ಹೇಳಲಾಗದು. ಮೊದಲನೆಯದು, ಆಕೆಯ ಕ್ಲಬ್ಬಿನ ನಿಜವಾದ ಸರಕು ಆಕೆಯೇ. ರೆಜೀನ್ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರೆ ಆ ರಾತ್ರಿಗೆ ಒಂದು ಬೆಲೆ. ಆಕೆ ಪ್ಯಾರಿಸ್ಸಿನಲ್ಲಿದ್ದಾಗ ಕೈರೋದ ಕ್ಲಬ್ಬಿನಲ್ಲಿ ಉಳಿಯುವುದು ಬೋರ್ಡು ಮತ್ತು ದೀಪ. ವಿಮಾನದಲ್ಲಿ ಓಡಾಡಿ ಎಲ್ಲ ಕಡೆ ಮುಖ ತೋರಿಸಿದಳು, ಆದರೂ ಒಬ್ಬ ಮನುಷ್ಯಳು ಇಪ್ಪತ್ತು ಬಾಗಿಲಲ್ಲಿ ನಿಲ್ಲಲು ಆಗುತ್ತದೆಯೇ?

ಎರಡನೆಯದು, ಕಾಲ. 1980ರ ದಶಕದಲ್ಲಿ ಹುಡುಗರ ಸಂಗೀತ ಬದಲಾಯಿತು, ಸೂಟು ಹಾಕಿ ಮೇಜಿನಲ್ಲಿ ಕೂರುವ ರಾತ್ರಿ ಅವರಿಗೆ ಅಪ್ಪಂದಿರ ರಾತ್ರಿ ಅನ್ನಿಸಿತು. ಸಾಲದ ಹೊರೆಯೂ ಇತ್ತು. 1992ರಲ್ಲಿ ಪ್ಯಾರಿಸ್ಸಿನ ಹೆಸರಾಂತ 'ಲೆ ಪಾಲಾಸ್' ಕ್ಲಬ್ ಕೈಗೆ ತೆಗೆದುಕೊಂಡಳು, ಹಳೆ ವೈಭವ ಮತ್ತೆ ತರುತ್ತೇನೆ ಅಂತ. ಕೆಲವೇ ವರ್ಷದಲ್ಲಿ ಅದೂ ಮುಚ್ಚಿತು.

ನಮ್ಮಲ್ಲೂ ಒಂದು ಆರ್ಕೆಸ್ಟ್ರಾ ಒಬ್ಬರ ಹೆಸರ ಮೇಲೆ ನಡೆಯುತ್ತದೆ. ಅವರು ಬೀದರಿನಲ್ಲಿ ಒಂದು, ಯಾದಗಿರಿಯಲ್ಲಿ ಒಂದು ಅಂತ ಒಂದೇ ದಿನ ಎರಡು ಕಾರ್ಯಕ್ರಮ ಒಪ್ಪಿಕೊಂಡರೆ ಏನಾಗುತ್ತದೆ ಅಂತ ಈ ಲೈನಿನಲ್ಲಿ ಇರುವವರಿಗೆ ಹೇಳಬೇಕಿಲ್ಲ.

ನೈಟ್‌ಕ್ಲಬ್ ಅಂದ್ರ ಡ್ರಗ್ಸ್. ಆಕಿ ಅದರಾಗ ಇದ್ಲೋ ಇಲ್ಲೋ?

ಆಕೆ ಅದರ ವಿರುದ್ಧ ಕೆಲಸ ಮಾಡಿದಳು. 1984ರಲ್ಲಿ ಎಸ್‌ಒಎಸ್ ಡ್ರೋಗ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ ಕಟ್ಟಿದಳು, ಮಾದಕ ವಸ್ತುವಿಗೆ ಅಂಟಿಕೊಂಡವರನ್ನು ಹೊರತರಲು. ರಾತ್ರಿ ರಾತ್ರಿ ಚಟದವರನ್ನು ಹತ್ತಿರದಿಂದ ಕಂಡವಳು, ಆಕೆಗೆ ಅದು ಪುಸ್ತಕದ ಮಾತಾಗಿರಲಿಲ್ಲ. ತನಗೆ ಗೊತ್ತಿದ್ದ ಶ್ರೀಮಂತರ ಕಡೆಯಿಂದ ಅದಕ್ಕೆ ಹಣ ತಂದಳು. ಆ ಸಂಸ್ಥೆಯೇ ಬೆಳೆದು ಈಗ ಗ್ರೂಪ್ ಎಸ್‌ಒಎಸ್ ಅಂತ ಫ್ರಾನ್ಸಿನ ದೊಡ್ಡ ಸೇವಾ ಸಂಸ್ಥೆಗಳಲ್ಲಿ ಒಂದಾಗಿದೆ. ಆಸ್ಪತ್ರೆ, ವೃದ್ಧಾಶ್ರಮ ಎಲ್ಲ ನಡೆಸುತ್ತದೆ, ಸಾವಿರಾರು ಮಂದಿಗೆ ಅಲ್ಲಿ ಕೆಲಸ.

ಇಷ್ಟು ಹೇಳಿದ ಮೇಲೂ ಕ್ಲಬ್‌ಗಳ ಲೋಕದಲ್ಲಿ ಡ್ರಗ್ಸ್ ಇತ್ತು ಅನ್ನುವುದನ್ನು ಮುಚ್ಚಿಡಬಾರದು. ಲೆ ಪಾಲಾಸ್ ಮುಚ್ಚಲು ಒಳಗೆ ನಡೆಯುತ್ತಿದ್ದ ಮಾರಾಟವೂ ಒಂದು ಕಾರಣ. ಮಾಲೀಕರು ಎಷ್ಟೇ ವಿರೋಧಿ ಆಗಿದ್ದರೂ ಕತ್ತಲೆ ಜಾಗದಲ್ಲಿ ಎಲ್ಲರ ಜೇಬು ನೋಡಲಾಗುವುದಿಲ್ಲ. ಕ್ಲಬ್‌ಗಳ ಮಿಂಚು ನೋಡಿ ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು 1984ರ ಈ ಭಾಗವನ್ನೇ ಮೊದಲು ಹೇಳುತ್ತೇನೆ.

ವಿಮಾನದಾಗ ಜಗಳ ಮಾಡಿ ಅರೆಸ್ಟ್ ಆಗಿದ್ಲು ಅಂತ ಓದೀನಿ?

1996ರಲ್ಲಿ. ಪ್ಯಾರಿಸ್ಸಿನಿಂದ ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಮಗನ ಸಿಗರೇಟಿನ ವಿಷಯಕ್ಕೆ ಸಿಬ್ಬಂದಿ ಜೊತೆ ಜಗಳವಾಯಿತು. ವಿಮಾನವನ್ನು ಬಾಸ್ಟನ್‌ನಲ್ಲಿ ಇಳಿಸಿ ತಾಯಿ ಮಗ ಇಬ್ಬರನ್ನೂ ಪೊಲೀಸರಿಗೆ ಒಪ್ಪಿಸಿದರು. ತಪ್ಪು ತಪ್ಪೇ. ಬಾಗಿಲಲ್ಲಿ ಕಾನೂನು ತಾನೇ ಬರೆದು ಅಭ್ಯಾಸವಾದವರಿಗೆ ಬೇರೆಯವರ ಕಾನೂನು ಕಷ್ಟವಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಸಂಸಾರ ಹ್ಯಾಂಗಿತ್ತು? ಮಕ್ಕಳು?

ಎಳೆ ವಯಸ್ಸಿನಲ್ಲೇ ಮದುವೆ, ಒಬ್ಬನೇ ಮಗ ಲಿಯೋನೆಲ್, ಆಮೇಲೆ ವಿಚ್ಛೇದನ. 1969ರಲ್ಲಿ ರೋಜರ್ ಶುಕ್ರೂನ್ ಜೊತೆ ಎರಡನೇ ಮದುವೆ, ಆತ ವ್ಯವಹಾರದಲ್ಲೂ ಜೊತೆಗಿದ್ದ, 2004ರಲ್ಲಿ ಅದೂ ಮುಗಿಯಿತು. ಮಗ ಪತ್ರಕರ್ತನಾದ, 2006ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡ. ರಾತ್ರಿ ದುಡಿಯುವವರ ಮನೆಯಲ್ಲಿ ಮಕ್ಕಳು ಎದ್ದಾಗ ತಾಯಿ ಮಲಗಿರುತ್ತಾಳೆ, ತಾಯಿ ಎದ್ದಾಗ ಮಕ್ಕಳು ಶಾಲೆಯಲ್ಲಿರುತ್ತಾರೆ. ಸೀಸನ್ನಿನಲ್ಲಿ ನನ್ನ ಮನೆಯದೂ ಅದೇ ಗತಿ. ಈ ಒಂದು ಪ್ರಶ್ನೆಗೆ ನಾನು ಆಕೆಯ ಬಗ್ಗೆ ತೀರ್ಪು ಕೊಡುವುದಿಲ್ಲ.

ಕಲಬುರಗಿಯಾಗ ನೈಟ್‌ಲೈಫೇ ಇಲ್ಲ. ಈಕಿ ಕಥಿ ನಮಗ ಯಾಕ್ರೀ?

ಯಾರು ಹೇಳಿದರು ಇಲ್ಲ ಅಂತ? ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಮನುಷ್ಯರು ಹೊರಬೀಳುವುದೇ ಕತ್ತಲಾದ ಮೇಲೆ. ಶರಣಬಸವೇಶ್ವರ ಜಾತ್ರೆಯ ರಾತ್ರಿ ಅಪ್ಪನ ಗುಡಿ ಸುತ್ತ ಒಂದು ಸಲ ನಡೆದು ನೋಡಿ. ಬಂದೇನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳುತ್ತಾ ಕೂತವರಿಗೆ ಹೊತ್ತು ಸರಿದದ್ದೇ ಗೊತ್ತಾಗುವುದಿಲ್ಲ. ಹಳ್ಳಿಗಳಲ್ಲಿ ಬಯಲಾಟ ಶುರುವಾದರೆ ಮುಗಿಯುವುದು ಬೆಳಕು ಹರಿದ ಮೇಲೆ. ಮದುವೆ ಸೀಸನ್ನಿನಲ್ಲಿ ರಿಂಗ್ ರೋಡಿನ ಹಾಲುಗಳು ನಿದ್ದೆಯೇ ಮಾಡುವುದಿಲ್ಲ. ಮದ್ಯ ಇಲ್ಲ, 600 ಡಾಲರ್ ಇಲ್ಲ, ಆದರೆ ರಾತ್ರಿ ಇದೆ.

ಆ ರಾತ್ರಿಗಳನ್ನು ಕಟ್ಟುವವರು ಇದ್ದಾರೆ. ಪೆಂಡಾಲಿನವರು, ಜನರೇಟರ್ ಕಾಯುವವರು, ನಿರೂಪಣೆ ಮಾಡುವ ಹುಡುಗಿಯರು, ಕಲಾವಿದರಿಗೆ ಗಾಡಿ ಕಳಿಸಿ ಹೊತ್ತಿಗೆ ಸರಿಯಾಗಿ ಕರೆತರುವವರು. ಬ್ಯಾನರ್ ಮೇಲೆ ದಾನಿಗಳ ಫೋಟೋ ಇರುತ್ತದೆ, ಇವರ ಹೆಸರು ಎಲ್ಲೂ ಇರುವುದಿಲ್ಲ. ನಿರೂಪಣೆ ಮಾಡುವ ಒಬ್ಬ ಹುಡುಗಿಗೆ ರಾತ್ರಿ ಮನೆಗೆ ಹೋಗುವಾಗ ಓಣಿಯವರು ಏನೆಲ್ಲ ಅನ್ನುತ್ತಾರೆ ಅಂತ ನನಗೆ ಗೊತ್ತು. ಆಕೆಗೆ ನಾನು ರೆಜೀನ್ ಕಥೆ ಪೂರ್ತಿ ಹೇಳಿದ್ದೇನೆ.

ರಾತ್ರಿ 10ರ ಮೇಲೆ ಸೌಂಡ್ ಬಂದ್ ಮಾಡಿಸ್ತಾರಲ್ಲ, ಅಲ್ಲಿ ಬೆಳತನಕ ಹ್ಯಾಂಗ ನಡೀತಿತ್ತು?

ಅದು ಒಳಾಂಗಣ, ನಮ್ಮದು ಬಯಲು. ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗೆ ಆದರೆ ವಿನಾಯಿತಿ ಇದೆ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಅನುಮತಿ ಕೊಡಬಹುದು. ನಾನು ಈ ನಿಯಮದ ಪರ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಇರುತ್ತಾನೆ, ಮರುದಿನ ಪರೀಕ್ಷೆ ಇರುವ ಮಗು ಇರುತ್ತದೆ. 10ಕ್ಕೆ ಮುಗಿಯುವ ಕಾರ್ಯಕ್ರಮವನ್ನು 6ಕ್ಕೇ ಶುರು ಮಾಡಿ ಅಂತ ಆಯೋಜಕರಿಗೆ ಹೇಳಿ, ಗಣ್ಯರು ಬರಲಿ ಅಂತ 8ರವರೆಗೆ ಕಾಯಬೇಡಿ.

ಮೊದಲ ಡಿಸ್ಕೋ, ಮೊದಲ ಡಿಜೆ ಅಂತ ಆಕಿನೇ ಹೇಳ್ಕೊಂಡದ್ದಲ್ವಾ? ನಂಬಬೇಕಾ?

ಓದಿಕೊಂಡ ಹುಡುಗರು ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ಹೌದು, ಹೇಳಿಕೊಂಡದ್ದು ಆಕೆಯೇ. ಪೂರ್ತಿ ಒಪ್ಪಲು ಆಗುವುದಿಲ್ಲ.

ರೆಕಾರ್ಡು ಹಾಕಿ ಕುಣಿಯುವುದು ಆಕೆಗಿಂತ ಮೊದಲೇ ಇತ್ತು. ಜರ್ಮನ್ನರು ಪ್ಯಾರಿಸ್ ಹಿಡಿದಿದ್ದಾಗ ಬ್ಯಾಂಡಿನವರನ್ನು ಕರೆಸುವುದು ಅಪಾಯ ಅಂತ ನೆಲಮಾಳಿಗೆಗಳಲ್ಲಿ ಜಾಝ್ ರೆಕಾರ್ಡು ಹಾಕಿ ಕೇಳುತ್ತಿದ್ದರು. ವಿಸ್ಕಿ ಆ ಗೋಗೋ ಕೂಡ ಆಕೆ ಬರುವ ಮೊದಲೇ ಇತ್ತು, ಅದರ ಮಾಲೀಕ ಪೌಲ್ ಪಾಚೀನಿ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1950ರ ದಶಕದಲ್ಲೇ ಲಾರಿ ಮೇಲೆ ಜನರೇಟರ್, ಪ್ಲೇಯರ್, ಆಳೆತ್ತರದ ಸ್ಪೀಕರ್ ಏರಿಸಿಕೊಂಡು ಬಂದು ಬೀದಿಯಲ್ಲಿ ಕುಣಿಸುವ ಸೌಂಡ್ ಸಿಸ್ಟಂಗಳಿದ್ದವು. ನಮ್ಮ ಗಣೇಶನ ಮೆರವಣಿಗೆಯ ಡಿಜೆ ಗಾಡಿ ನೋಡಿದರೆ ಪ್ಯಾರಿಸ್ಸಿಗಿಂತ ಕಿಂಗ್‌ಸ್ಟನ್ ಜಾಸ್ತಿ ಕಾಣುತ್ತದೆ. ಜರ್ಮನಿಯ ಆಖೆನ್ ಊರಿನ ಸ್ಕಾಚ್ ಕ್ಲಬ್ಬಿನವರು 1959ರಲ್ಲಿ ರೆಕಾರ್ಡಿನ ನಡುವೆ ಮಾತಾಡುತ್ತಾ ಜನರನ್ನು ಕುಣಿಸಿದ್ದು ತಾವೇ ಮೊದಲು ಅನ್ನುತ್ತಾರೆ.

ಹಾಗಾದರೆ ಆಕೆಯದು ಏನು ಉಳಿಯಿತು? ಬಣ್ಣದ ದೀಪ, ಕುಣಿಯುವ ನೆಲ, ನಿಲ್ಲದ ಹಾಡು, ಬಾಗಿಲಲ್ಲಿ ಹೆಸರು ಹಿಡಿದು ಕರೆಯುವ ಯಜಮಾನಿ, ಇವೆಲ್ಲವನ್ನೂ ಒಂದೇ ಕೋಣೆಗೆ ತಂದು, ಅದು ಒಂದು ಊರಿನ ಹೊರಗೂ ನಡೆಯುತ್ತದೆ ಅಂತ ತೋರಿಸಿದಳು. ಮೊದಲಿಗಳು ಅನ್ನುವ ಪಟ್ಟವನ್ನು ನಾನು ಆಕೆಗೆ ಕೊಡುವುದಿಲ್ಲ. ಜ್ಯೂಕ್‌ಬಾಕ್ಸ್ ನಿಂತಾಗಿನ ಆ ಸದ್ದಿಲ್ಲದ ಕ್ಷಣವನ್ನು ಗಮನಿಸಿ, ಅದು ತನ್ನ ಕೆಲಸ ಅಂತ ತಿಳಿದು ಸರಿ ಮಾಡಿದವಳು ಅನ್ನುವುದರಲ್ಲಿ ಮಾತ್ರ ನನಗೆ ಅನುಮಾನ ಇಲ್ಲ. ನಮ್ಮ ಹುಡುಗರಿಗೆ ಮಿಕ್ಸರ್ ಮುಟ್ಟಲು ಕೊಡುವ ಮೊದಲು ನಾನು ಕಲಿಸುವುದು ಅಷ್ಟನ್ನೇ: ಹಾಡು ಓಡುತ್ತಿರುವಾಗಲೇ ಮುಂದಿನದನ್ನು ಸಿದ್ಧ ಇಟ್ಟುಕೊಳ್ಳಿ, ಕಣ್ಣು ಮಾತ್ರ ಲ್ಯಾಪ್‌ಟಾಪಿನ ಮೇಲೆ ಬೇಡ, ಕುಣಿಯುವವರ ಮೇಲಿರಲಿ.